ಮೂರು ಚುಕ್ಕಿಗಳಾಚೆಯ ಪೋಲ್ಡು

ಸ್ಪರ್ಧಾತ್ಮಕ ಪರೀಕ್ಷೆಗೆ ಓದಿದವರಿಗೆಲ್ಲ ಒಂದು ಸಾಲು ಬಾಯಿಪಾಠ: ರೇಡಿಯೊ ಕಂಡುಹಿಡಿದವನು ಮಾರ್ಕೋನಿ, 1901ರಲ್ಲಿ ಅಟ್ಲಾಂಟಿಕ್ ಸಾಗರದಾಚೆಗೆ ಮೊದಲ ಸಂಕೇತ ಕಳಿಸಿದ. ಆ ಸಂಕೇತ ಹೊರಟ ಜಾಗ ಪೋಲ್ಡು. ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್‌ನಲ್ಲಿ, ಲಿಜರ್ಡ್ ಪರ್ಯಾಯ ದ್ವೀಪದ ಪಶ್ಚಿಮ ದಡದಲ್ಲಿ, ಮುಲಿಯನ್ ಎಂಬ ಹಳ್ಳಿಯ ಮಗ್ಗುಲಿಗಿದೆ. ಲಂಡನ್ನಿನ ಸುತ್ತಮುತ್ತ ನೆಲೆಸಿರುವ ಕನ್ನಡಿಗರು ಬೇಸಿಗೆ ರಜೆಗೆ ಕಾರ್ನ್‌ವಾಲ್‌ಗೆ ಹೋಗುವುದುಂಟು. ಪೋಲ್ಡು ಕೊಲ್ಲಿಯ ಮರಳಿನಲ್ಲಿ ಮಕ್ಕಳನ್ನು ಆಡಲು ಬಿಟ್ಟು, ಬಂಡೆಯಂಚಿನ ದಾರಿ ಹಿಡಿದು ಮೇಲೆ ಹತ್ತಿದರೆ ಸ್ಮಾರಕ ಸಿಗುತ್ತದೆ. ಆದರೆ ಆ ಏರು ಹತ್ತುವಾಗ ನಾವು ಹೊತ್ತೊಯ್ಯುವ ತಿಳಿವಳಿಕೆಯಲ್ಲಿ ಅರ್ಧದಷ್ಟು ಕೆಳಗೇ ಇಳಿಸಿ ಹೋಗಬೇಕಾದದ್ದು. ಈ ನಿಲ್ದಾಣ ಪ್ರಸಿದ್ಧಿಗೆ ಬಂದದ್ದು ಯಾರೂ ಸಾಬೀತು ಮಾಡಲಾಗದ ಒಂದು ಮಧ್ಯಾಹ್ನದಿಂದ. ಇಲ್ಲಿಂದ ನಿಜಕ್ಕೂ ಜಗತ್ತು ಬದಲಾದದ್ದು ಇಪ್ಪತ್ತೆರಡು ವರ್ಷ ತಡವಾಗಿ, ಬೇರೊಬ್ಬ ಎಂಜಿನಿಯರನ ಕೈಯಲ್ಲಿ.

ತಪ್ಪು ಕಲ್ಪನೆ: ಮಾರ್ಕೋನಿಯ ನಿಲ್ದಾಣ ಇಂದಿಗೂ ಅಲ್ಲಿ ನಿಂತಿದೆ

ಇಲ್ಲ. ಹುಲ್ಲುಗಾವಲು, ಅದರೊಳಗೆ ಅಲ್ಲಲ್ಲಿ ತಲೆಯೆತ್ತಿದ ಕಾಂಕ್ರೀಟ್ ಅಡಿಪಾಯಗಳು, ಕಟ್ಟಡಗಳಿದ್ದ ಗುರುತು ತೋರುವ ಏರುತಗ್ಗು, ಇಷ್ಟೇ. ಕಾಲಿಗೆ ತಾಗುವವರೆಗೆ ಕೆಲವು ಕಣ್ಣಿಗೇ ಬೀಳುವುದಿಲ್ಲ. ಬಂಡೆಯಂಚಿನಲ್ಲಿ ಒಂದು ಗ್ರಾನೈಟ್ ಸ್ಮಾರಕ ಕಂಬವಿದೆ. ಬಹಳ ಮಂದಿ ಅದರ ಬುಡದಲ್ಲಿ ನಿಂತು, ಸಂಕೇತ ಹೊರಟದ್ದು ಇಲ್ಲಿಂದಲೇ ಎಂದು ಫೋಟೊ ತೆಗೆಸಿಕೊಂಡು ಹೊರಡುತ್ತಾರೆ. ಕಂಬದ ಮೇಲಿನ ಬರಹವನ್ನು ತಾಳ್ಮೆಯಿಂದ ಓದಿದರೆ ಅದೇ ತಿದ್ದುತ್ತದೆ: ನಿಲ್ದಾಣವಿದ್ದದ್ದು ಕಂಬದಿಂದ ನೂರು ಗಜ ಈಶಾನ್ಯಕ್ಕೆ, 1900ರಿಂದ 1933ರವರೆಗೆ. ಕಡಲಿಗೆ ಬೆನ್ನು ಹಾಕಿ ಹೊಲದೊಳಕ್ಕೆ ನಡೆಯಬೇಕು. ಇಲ್ಲಿ ನೋಡಬೇಕಾದದ್ದು ಇರುವುದು ಕಡಲ ಕಡೆಗಲ್ಲ, ನೆಲದಲ್ಲಿ.

ಬಂಡೆಯಂಚಿನ ನೆಲವನ್ನು 1937ರಲ್ಲಿ ಪಾರಂಪರಿಕ ತಾಣಗಳನ್ನು ಕಾಯುವ ನ್ಯಾಷನಲ್ ಟ್ರಸ್ಟ್‌ಗೆ ಒಪ್ಪಿಸಲಾಯಿತು. ಮಾರ್ಕೋನಿ ರೋಮ್‌ನಲ್ಲಿ ತೀರಿಕೊಂಡದ್ದೂ ಅದೇ ವರ್ಷದ ಜುಲೈನಲ್ಲಿ. ಈಗ ಅಲ್ಲಿರುವ ಮಾರ್ಕೋನಿ ಸೆಂಟರ್ ಎಂಬ ಪುಟ್ಟ ಕಟ್ಟಡ ಹಳೆಯದಲ್ಲ, ಶತಮಾನೋತ್ಸವಕ್ಕೆಂದು 2001ರಲ್ಲಿ ತೆರೆದದ್ದು. ನಡೆಸುವವರು ಹವ್ಯಾಸಿ ರೇಡಿಯೊ ಕ್ಲಬ್‌ನ ಸ್ವಯಂಸೇವಕರು, ಆದ್ದರಿಂದ ದಿನವೂ ಬಾಗಿಲು ತೆರೆದಿರುವುದಿಲ್ಲ. ವಿಚಾರಿಸಿಕೊಂಡು ಹೋಗುವುದು ಮೇಲು. ಬಾಗಿಲು ತೆರೆದಿದ್ದರೆ ಒಳಗೆ ಯಾರಾದರೊಬ್ಬರು ಜಿಬಿ2ಜಿಎಂ ಎಂಬ ಕರೆಗುರುತಿನಲ್ಲಿ ದೂರದೂರಿನವರ ಜೊತೆ ಮಾತಾಡುತ್ತ ಕೂತಿರುತ್ತಾರೆ. ಕೇಳಿದರೆ ಉತ್ಸಾಹದಿಂದ ಎಲ್ಲ ವಿವರಿಸುತ್ತಾರೆ. ಪಕ್ಕದಲ್ಲಿ ಎದ್ದು ಕಾಣುವ ದೊಡ್ಡ ಕಟ್ಟಡವನ್ನು ನಿಲ್ದಾಣ ಎಂದುಕೊಳ್ಳುವವರೂ ಉಂಟು. ಅದು ಆಗಿನ ಪೋಲ್ಡು ಹೋಟೆಲ್. ಮಾರ್ಕೋನಿ ಬಂದಾಗ ತಂಗುತ್ತಿದ್ದದ್ದು ಅಲ್ಲಿ. ಈಗ ವೃದ್ಧರ ಆರೈಕೆ ಕೇಂದ್ರವಾಗಿದೆ, ಒಳಗೆ ಇಣುಕುವುದು ಸರಿಯಲ್ಲ.

ತಪ್ಪು ಕಲ್ಪನೆ: ಫೋಟೊಗಳಲ್ಲಿ ಕಾಣುವ ಕಪ್ಪು ಮರದ ಗುಡಿಸಲುಗಳೇ ಪೋಲ್ಡು

ಅವು ಪೋಲ್ಡುವಿನವಲ್ಲ. ದಕ್ಷಿಣಕ್ಕೆ, ಲಿಜರ್ಡ್ ತುದಿಯ ಬಾಸ್ ಪಾಯಿಂಟ್‌ನಲ್ಲಿವೆ. ಅದೂ ಮಾರ್ಕೋನಿಯ ನಿಲ್ದಾಣವೇ, ಆದರೆ ಹಡಗುಗಳ ಜೊತೆ ಮಾತಾಡಲು ಕಟ್ಟಿದ ಸಣ್ಣ ನಿಲ್ದಾಣ. ನ್ಯಾಷನಲ್ ಟ್ರಸ್ಟ್ ಅದನ್ನು 1901ರ ರೂಪಕ್ಕೆ ತಂದು ಉಳಿಸಿಕೊಂಡಿದೆ. 1901ರ ಜನವರಿ 23ರಂದು ಇಲ್ಲಿಗೆ ವೈಟ್ ದ್ವೀಪದಿಂದ, ಸುಮಾರು 300 ಕಿಲೋಮೀಟರ್ ದೂರದಿಂದ, ಸಂಕೇತ ಬಂದು ಮುಟ್ಟಿತು. ದಿಗಂತದ ಆಚೆಗೂ ಈ ಅಲೆಗಳು ಸಾಗುತ್ತವೆ ಎಂಬ ಧೈರ್ಯ ಮಾರ್ಕೋನಿಗೆ ಬಂದದ್ದು ಈ ಗುಡಿಸಲಿನಿಂದ. ಅಟ್ಲಾಂಟಿಕ್ ಕಥೆಯ ಅಬ್ಬರದಲ್ಲಿ ಇದನ್ನು ಕೇಳುವವರಿಲ್ಲ.

ಅದರ ಹತ್ತಿರವೇ ಕೋಟೆಯ ತೆನೆಯಂಥ ಅಂಚಿರುವ ಒಂದು ಬಿಳಿ ಕಟ್ಟಡವಿದೆ. ಅದು 1872ರ ಬಾವುಟ ಸಂಕೇತ ನಿಲ್ದಾಣ, ಆಮೇಲೆ ಹಡಗು ವಿಮೆಯ ಲಾಯ್ಡ್ಸ್ ಸಂಸ್ಥೆಯ ಕೈಗೆ ಬಂದದ್ದು. ತಿಂಗಳುಗಟ್ಟಲೆ ಕಡಲಲ್ಲಿದ್ದು ಬಂದ ಹಡಗಿಗೆ ತನ್ನ ಸರಕನ್ನು ಯಾವ ಬಂದರಿನಲ್ಲಿ ಇಳಿಸಬೇಕೆಂಬುದೇ ಗೊತ್ತಿರುತ್ತಿರಲಿಲ್ಲ. ಲಿಜರ್ಡ್ ಕಂಡೊಡನೆ ಬಾವುಟ ಏರಿಸಿ ಹೆಸರು ಹೇಳಿಕೊಳ್ಳುತ್ತಿತ್ತು. ದಡದವರು ಮಾಲೀಕನಿಗೆ ತಂತಿ ಕೊಟ್ಟು, ಬಂದ ಅಪ್ಪಣೆಯನ್ನು ಮತ್ತೆ ಬಾವುಟದಲ್ಲೇ ಹಡಗಿಗೆ ತಿಳಿಸುತ್ತಿದ್ದರು. ಮಂಜು ಕವಿದರೆ ಎಲ್ಲ ವ್ಯವಹಾರವೂ ಬಂದ್. ಬಾವುಟದ ಮನೆಯ ಮಗ್ಗುಲಲ್ಲೇ ವೈರ್‌ಲೆಸ್ ಗುಡಿಸಲು ಯಾಕೆ ಬಂತು ಎಂಬುದು ಅಲ್ಲಿ ನಿಂತರೆ ಯಾರೂ ಹೇಳದೆಯೇ ಅರ್ಥವಾಗುತ್ತದೆ. ಪೋಲ್ಡುಗೆ ಹೋದವರು ಇಲ್ಲಿಗೂ ಬರಬೇಕು. ಪೋಲ್ಡುವಿನಲ್ಲಿ ಕಾಣಸಿಗದ ಕಟ್ಟಡ, ಉಪಕರಣಗಳ ಅಂದಾಜು ಇಲ್ಲಿ ಸಿಗುತ್ತದೆ.

ತಪ್ಪು ಕಲ್ಪನೆ: ವೃತ್ತಾಕಾರವಾಗಿ ನಿಂತ ಇಪ್ಪತ್ತು ಕಂಬಗಳಿಂದ ಆ ಸಂಕೇತ ಹೊರಟಿತು

ಪುಸ್ತಕಗಳಲ್ಲಿ ಹೆಚ್ಚಾಗಿ ಅಚ್ಚಾಗುವ ಚಿತ್ರ ಇದು: ಇನ್ನೂರು ಅಡಿ ಎತ್ತರದ ಇಪ್ಪತ್ತು ಕಂಬಗಳ ವರ್ತುಲ, ನಡುವೆ ತಲೆಕೆಳಗಾದ ಶಂಖುವಿನಂತೆ ಇಳಿಬಿದ್ದ ನೂರಾರು ತಂತಿಗಳು. ನೋಡಲು ಭವ್ಯ. ಆದರೆ 1901ರ ಸೆಪ್ಟೆಂಬರ್ 17ರ ಬಿರುಗಾಳಿಗೆ ಅಷ್ಟೂ ಕಂಬಗಳು ನೆಲಕಚ್ಚಿದವು, ಅಟ್ಲಾಂಟಿಕ್ ಪ್ರಯೋಗಕ್ಕೆ ಇನ್ನೂ ಮೂರು ತಿಂಗಳಿರುವಾಗಲೇ. ಕಂಬಗಳ ತುದಿಗಳನ್ನು ಒಂದಕ್ಕೊಂದು ಬಿಗಿದಿದ್ದರು. ಒಂದು ವಾಲಿದರೆ ಉಳಿದದ್ದನ್ನೂ ಎಳೆದುಕೊಂಡೇ ಬೀಳುವಂಥ ವಿನ್ಯಾಸ ಅದು. ಕೆಲಸದ ಉಸ್ತುವಾರಿ ಹೊತ್ತ ಎಂಜಿನಿಯರ್ ರಿಚರ್ಡ್ ವಿವಿಯನ್‌ಗೆ ಈ ವಿನ್ಯಾಸದ ಮೇಲೆ ನಂಬಿಕೆ ಇರಲಿಲ್ಲ. ಅಮೆರಿಕದ ಕೇಪ್ ಕಾಡ್‌ನಲ್ಲಿ ಕಟ್ಟಿದ್ದ ಇದರ ಜೋಡಿ ನಿಲ್ದಾಣವೂ ನವೆಂಬರ್ ಕೊನೆಯಲ್ಲಿ ಇದೇ ರೀತಿ ಬಿತ್ತು.

ಡಿಸೆಂಬರ್‌ನಲ್ಲಿ ನಿಜಕ್ಕೂ ಕೆಲಸ ಮಾಡಿದ್ದು ಅವಸರದಲ್ಲಿ ನಿಲ್ಲಿಸಿದ ಎರಡೇ ಕಂಬ, ಅವುಗಳ ನಡುವೆ ಬೀಸಣಿಗೆಯಂತೆ ಹರಡಿದ ಐವತ್ತಕ್ಕೂ ಹೆಚ್ಚು ತಂತಿ. ಆಮೇಲೆ 1902ರಲ್ಲಿ ಇನ್ನೂರು ಅಡಿ ಮೀರಿದ ನಾಲ್ಕು ಮರದ ಗೋಪುರಗಳು ಎದ್ದವು. ಹಳೆಯ ಪೋಸ್ಟ್ ಕಾರ್ಡ್‌ಗಳಲ್ಲಿ ಕಾಣುವುದು ಬಹುಪಾಲು ಆ ಗೋಪುರಗಳೇ. ಹೀಗೆ ಮೂರು ಬೇರೆ ಬೇರೆ ಆಂಟೆನಾಗಳ ಚಿತ್ರಕ್ಕೆ ಒಂದೇ ಅಡಿಬರಹ ಅಂಟಿಕೊಂಡು ನೂರು ವರ್ಷ ಸಾಗಿಬಂದಿದೆ. ನೆಲದಲ್ಲಿನ ಕಾಂಕ್ರೀಟ್ ಯಾವ ಕಾಲದ್ದೆಂದು ಕೇಳದೆ 1901ರದ್ದೆಂದು ಮುಟ್ಟಿ ನಮಸ್ಕರಿಸುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ತಪ್ಪು ಕಲ್ಪನೆ: ಗುಂಡಿ ಒತ್ತಿದವನು ಮಾರ್ಕೋನಿ

ಆ ದಿನ ಮಾರ್ಕೋನಿ ಪೋಲ್ಡುವಿನಲ್ಲಿ ಇರಲೇ ಇಲ್ಲ. ಸಾಗರದಾಚೆ, ನ್ಯೂಫೌಂಡ್‌ಲ್ಯಾಂಡ್‌ನ ಸೇಂಟ್ ಜಾನ್ಸ್ ಊರಿನ ಸಿಗ್ನಲ್ ಹಿಲ್ ಮೇಲೆ, ಕ್ಯಾಬಟ್ ಗೋಪುರದ ಹತ್ತಿರದ ಹಳೇ ಆಸ್ಪತ್ರೆ ಕಟ್ಟಡದಲ್ಲಿ ಕಿವಿಗೆ ರಿಸೀವರ್ ಹಿಡಿದು ಕೂತಿದ್ದ. ಆಂಟೆನಾ ಎಂದರೆ ಗಾಳಿಪಟಕ್ಕೆ ಕಟ್ಟಿ ಹಾರಿಸಿದ ಐನೂರು ಅಡಿಯ ತಂತಿ. ಜೊತೆಗೆ ಜಾರ್ಜ್ ಕೆಂಪ್, ಪರ್ಸಿ ಪ್ಯಾಜೆಟ್ ಎಂಬ ಇಬ್ಬರು ಸಹಾಯಕರು. ಸಂಕೇತ ಕಳಿಸಲು ಶುರುಮಾಡಿ ಎಂದು ಪೋಲ್ಡುಗೆ ಅವನು ಹೇಳಿಕಳಿಸಿದ್ದು ಯಾವುದರ ಮೂಲಕ? ಸಮುದ್ರದಡಿಯ ತಂತಿಯ ಮೂಲಕವೇ. ಯಾವ ಕೇಬಲ್ ಕಂಪನಿಗಳ ಅನ್ನಕ್ಕೆ ಕಲ್ಲು ಹಾಕಲು ಹೊರಟಿದ್ದನೋ ಅವರಿಗೇ ದುಡ್ಡು ಕೊಟ್ಟು! ಸುದ್ದಿ ಹೊರಬಿದ್ದ ಕೂಡಲೇ, ಅಲ್ಲಿನ ತಂತಿ ಸೇವೆಯ ಏಕಸ್ವಾಮ್ಯ ಹೊಂದಿದ್ದ ಆಂಗ್ಲೊ-ಅಮೆರಿಕನ್ ಟೆಲಿಗ್ರಾಫ್ ಕಂಪನಿ ವಕೀಲರ ನೋಟಿಸ್ ಕೊಟ್ಟಿತು. ಮಾರ್ಕೋನಿ ಗಂಟುಮೂಟೆ ಕಟ್ಟಿ ಕೆನಡಾಕ್ಕೆ ಹೋಗಬೇಕಾಯಿತು.

ಪೋಲ್ಡುವಿನ ಯಂತ್ರದ ವಿನ್ಯಾಸವೂ ಅವನದಲ್ಲ. 25 ಕಿಲೋವ್ಯಾಟ್ ಆಲ್ಟರ್ನೇಟರ್, ಅದನ್ನು ತಿರುಗಿಸುವ ಎಣ್ಣೆ ಎಂಜಿನ್, ಕಿಡಿ ಹಾರಿಸುವ ಮಂಡಲ, ಇವೆಲ್ಲ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಪ್ರಾಧ್ಯಾಪಕ ಜಾನ್ ಆಂಬ್ರೋಸ್ ಫ್ಲೆಮಿಂಗ್ ತಲೆಯಿಂದ ಬಂದವು. ಅಟ್ಲಾಂಟಿಕ್ ದಾಟಿದರೆ ಮುಖ್ಯ ಹೆಸರು ಮಾರ್ಕೋನಿಗೇ ಸಲ್ಲತಕ್ಕದ್ದು ಎಂದು ಮಾರ್ಕೋನಿ ಕಂಪನಿ ಮೊದಲೇ ಫ್ಲೆಮಿಂಗ್‌ಗೆ ಬರೆದು ತಿಳಿಸಿಬಿಟ್ಟಿತ್ತು. ವಿಜ್ಞಾನದ ಇತಿಹಾಸದಲ್ಲಿ ಕೀರ್ತಿಯ ಹಂಚಿಕೆ ಹೀಗೆ ಮುಂಗಡವಾಗಿ, ಕಾಗದದ ಮೇಲೆ ಆಗುವುದು ಅಪರೂಪ. ಮುಂದೆ 1909ರಲ್ಲಿ ನೊಬೆಲ್ ಬಂದಾಗಲೂ ಮಾರ್ಕೋನಿ ಒಬ್ಬನಿಗೇ ಬರಲಿಲ್ಲ. ಜರ್ಮನಿಯ ಫರ್ಡಿನಾಂಡ್ ಬ್ರೌನ್ ಜೊತೆ ಹಂಚಿಕೊಂಡ.

ತಪ್ಪು ಕಲ್ಪನೆ: ಎಸ್ ಅಕ್ಷರ ಕಳಿಸಿದ್ದು ಎಸ್‌ಒಎಸ್‌ನಿಂದ ತೆಗೆದು

ಪೋಲ್ಡು ಕಳಿಸುತ್ತಿದ್ದದ್ದು ಎಸ್ ಅಕ್ಷರವನ್ನೇ. ಆದರೆ ಅಪಾಯದ ಕರೆಯಾದ ಎಸ್‌ಒಎಸ್ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸೇರಿದ್ದು 1906ರಲ್ಲಿ. ಮೋರ್ಸ್ ಸಂಕೇತದಲ್ಲಿ ಎಸ್ ಎಂದರೆ ಬರೀ ಮೂರು ಚುಕ್ಕಿ, ಗೀಟು ಇಲ್ಲ. ಗೀಟು ಕಳಿಸಲು ಗುಂಡಿಯನ್ನು ಹೆಚ್ಚು ಹೊತ್ತು ಒತ್ತಿಹಿಡಿಯಬೇಕು. ಆ ಹೊರೆಯನ್ನು ಗಂಟೆಗಟ್ಟಲೆ ತಡೆದುಕೊಳ್ಳುವ ಶಕ್ತಿ ಪೋಲ್ಡುವಿನ ಸ್ವಿಚ್ಚುಗಳಿಗೆ ಇರಲಿಲ್ಲ.

ತಪ್ಪು ಕಲ್ಪನೆ: 1901ರ ಡಿಸೆಂಬರ್ 12ರಂದು ಸಂಕೇತ ಅಟ್ಲಾಂಟಿಕ್ ದಾಟಿದ್ದು ಸಿದ್ಧವಾದ ಸತ್ಯ

ಸಿದ್ಧವೂ ಆಗಿಲ್ಲ, ಸುಳ್ಳೆಂದೂ ಸಾಬೀತಾಗಿಲ್ಲ. ನಡೆದದ್ದೇನೆಂದು ಹತ್ತಿರದಿಂದ ನೋಡೋಣ. ಪೋಲ್ಡುವಿನವರು ದಿನವೂ ಗ್ರೀನಿಚ್ ಸಮಯ ಮೂರರಿಂದ ಆರು ಗಂಟೆಯವರೆಗೆ ಮೂರು ಚುಕ್ಕಿಗಳನ್ನು ಕಳಿಸುತ್ತಿರಬೇಕು ಎಂಬುದು ಏರ್ಪಾಟು. ಸೇಂಟ್ ಜಾನ್ಸ್‌ನಲ್ಲಿ ಸುಮಾರು ಮಧ್ಯಾಹ್ನ ಹನ್ನೆರಡೂವರೆಗೆ, ಬಿರುಗಾಳಿಯ ನಡುವೆ, ಮಾರ್ಕೋನಿಗೆ ಇಯರ್‌ಫೋನ್‌ನಲ್ಲಿ ಮೂರು ಸಣ್ಣ ಟಿಕ್ ಸದ್ದು ಕೇಳಿಸಿತು. ರಿಸೀವರನ್ನು ಕೆಂಪ್ ಕೈಗೆ ಕೊಟ್ಟು, ನಿನಗೇನಾದರೂ ಕೇಳಿಸುತ್ತಿದೆಯೇ ಎಂದು ಕೇಳಿದ. ಕೆಂಪ್ ಹೌದೆಂದ. ಸಾಕ್ಷಿ ಅಷ್ಟೇ, ಎರಡು ಜೋಡಿ ಕಿವಿ. ಇಬ್ಬರಿಗೂ ಏನು ಕೇಳಿಸಬೇಕೆಂಬುದು ಮೊದಲೇ ಗೊತ್ತಿತ್ತು. ಹೊರಗಿನ ಸಾಕ್ಷಿ ಒಬ್ಬನೂ ಇರಲಿಲ್ಲ. ಸಂಕೇತವನ್ನು ಕಾಗದದ ಪಟ್ಟಿಯ ಮೇಲೆ ಬರೆದುಕೊಳ್ಳುವ ಯಂತ್ರ ಅವನ ಬಳಿ ಇತ್ತು, ಆದರೆ ಗಾಳಿಪಟ ಮೇಲೆ ಕೆಳಗೆ ಹೊಯ್ದಾಡುತ್ತಿದ್ದರಿಂದ ಆಂಟೆನಾದ ಗುಣವೇ ಕ್ಷಣಕ್ಷಣಕ್ಕೂ ಬದಲಾಗುತ್ತಿತ್ತು. ಶ್ರುತಿ ಹೊಂದಿಸಿದ ರಿಸೀವರ್ ನಿಲ್ಲುತ್ತಿರಲಿಲ್ಲ. ಹೀಗಾಗಿ ಶ್ರುತಿಯಿಲ್ಲದ ಸರಳ ಮಂಡಲ, ಇಯರ್‌ಫೋನ್. ಗುಡುಗು ಮಿಂಚಿನ ಗೊರಗೊರ ಸದ್ದೂ ಅದರಲ್ಲೇ ಕೇಳುತ್ತದೆ.

ಈಗ ಭೌತಶಾಸ್ತ್ರದ ತೊಡಕು. ಪೋಲ್ಡುವಿನ ಅಲೆಯುದ್ದ ಸುಮಾರು 366 ಮೀಟರ್ ಎಂದು ಹೇಳುತ್ತಾರೆ, ಅಂದರೆ ಇವತ್ತಿನ ಮೀಡಿಯಂ ವೇವ್. ರಾತ್ರಿ ದೂರದೂರದ ಆಕಾಶವಾಣಿ ಕೇಂದ್ರಗಳು ಸಿಕ್ಕು ಹಗಲು ಮಾಯವಾಗುವುದನ್ನು ಮೀಡಿಯಂ ವೇವ್ ತಿರುಗಿಸಿದ ನಮ್ಮ ಹಿರಿಯರು ಬಲ್ಲರು. ಹಗಲಿನಲ್ಲಿ ವಾತಾವರಣದ ಮೇಲುಭಾಗದ ಒಂದು ಪದರ ಈ ಅಲೆಗಳನ್ನು ನುಂಗಿಬಿಡುತ್ತದೆ. ಅಂದು ಸೇಂಟ್ ಜಾನ್ಸ್‌ನಲ್ಲಿ ನಡು ಮಧ್ಯಾಹ್ನ, ಕಾರ್ನ್‌ವಾಲ್‌ನಲ್ಲಿ ಸೂರ್ಯ ಇನ್ನೂ ಮುಳುಗಿರಲಿಲ್ಲ. ಸುಮಾರು 3,500 ಕಿಲೋಮೀಟರ್ ದಾರಿಯುದ್ದಕ್ಕೂ ಬೆಳಕಿತ್ತು. ಪ್ರಯೋಗಕ್ಕೆ ಇದಕ್ಕಿಂತ ಕೆಟ್ಟ ಹೊತ್ತು ಇರಲಾರದು. ಕೆನಡಾದ ರೇಡಿಯೊ ವಿಜ್ಞಾನಿ ಜ್ಯಾಕ್ ಬೆಲ್ರೋಸ್ ಅಂಥವರು ಲೆಕ್ಕ ಹಾಕಿ, ಅವರು ಕೇಳಿದ್ದು ಪೋಲ್ಡುವನ್ನಲ್ಲ, ವಾತಾವರಣದ ಸದ್ದನ್ನೇ ಇರಬೇಕು ಎಂದರು. ಇದಕ್ಕೆ ಎದುರು ವಾದವೂ ಉಂಟು. ಕಿಡಿಯಿಂದ ಹುಟ್ಟುವ ಅಲೆ ಒಂದೇ ಶುದ್ಧ ಸ್ವರವಲ್ಲ, ಅದರೊಳಗೆ ಬಹಳ ಚಿಕ್ಕ ಅಲೆಗಳೂ ಬೆರೆತಿರಬಹುದು. ಹಗಲಿನಲ್ಲೂ ದೂರ ಹಾರಬಲ್ಲ ಅಂಥ ಚಿಕ್ಕ ಅಲೆಗಳನ್ನು ಶ್ರುತಿಯಿಲ್ಲದ ಆ ರಿಸೀವರ್ ಹಿಡಿದಿರಬಹುದು ಎಂಬುದು ಆ ವಾದ. ನನಗೆ ಈ ಎರಡನೆಯದೇ ಹೆಚ್ಚು ಸ್ವಾರಸ್ಯವಾಗಿ ಕಾಣುತ್ತದೆ, ಏಕೆಂದರೆ ಅದು ನಿಜವಾದರೆ ಮಾರ್ಕೋನಿ ಗೆದ್ದದ್ದು ತಾನು ಕಳಿಸುತ್ತಿದ್ದೇನೆಂದು ತನಗೇ ಗೊತ್ತಿಲ್ಲದ ಅಲೆಯಿಂದ.

ಮಾರ್ಕೋನಿಗೂ ಸಾಕ್ಷಿಯ ಕೊರತೆ ಚುಚ್ಚಿರಬೇಕು. ಎರಡೇ ತಿಂಗಳಲ್ಲಿ, 1902ರ ಫೆಬ್ರವರಿಯಲ್ಲಿ, ಫಿಲಡೆಲ್ಫಿಯಾ ಎಂಬ ಹಡಗು ಹತ್ತಿದ. ಈ ಬಾರಿ ಕಿವಿಯನ್ನು ನೆಚ್ಚದೆ ಕಾಗದದ ಪಟ್ಟಿಯ ಮೇಲೆ ಸಂಕೇತ ಮೂಡಿಸಿ, ಕ್ಯಾಪ್ಟನ್‌ನ ಸಹಿ ಹಾಕಿಸಿಕೊಂಡ. ಪೋಲ್ಡುವಿನ ಪೂರ್ತಿ ಸಂದೇಶ 1,550 ಮೈಲಿಯವರೆಗೆ ಸಿಕ್ಕಿತು, ಬರೀ ಎಸ್ ಅಕ್ಷರ 2,099 ಮೈಲಿಯವರೆಗೆ. ಆದರೆ ಇದೆಲ್ಲ ರಾತ್ರಿ ಹೊತ್ತು. ಹಗಲಿನಲ್ಲಿ ಸುಮಾರು 700 ಮೈಲಿ ದಾಟಿದರೆ ಏನೂ ಇಲ್ಲ. ಹಗಲು ರಾತ್ರಿಗಳ ಈ ವ್ಯತ್ಯಾಸ ಮೊದಲು ಲೆಕ್ಕಕ್ಕೆ ಸಿಕ್ಕಿದ್ದು ಈ ಪ್ರಯಾಣದಲ್ಲಿ. ಡಿಸೆಂಬರ್ 12ರ ಮಧ್ಯಾಹ್ನದ ಮೇಲೆ ಮೊದಲ ಅನುಮಾನದ ನೆರಳು ಬಿದ್ದದ್ದೂ ಇದರಿಂದಲೇ. ಪೋಲ್ಡುವಿನ ಅಲೆ ಬಲುದೂರ ಹೋಗುತ್ತಿತ್ತು ಎಂಬುದಕ್ಕೆ ಪುರಾವೆ ಬೇಕಿದ್ದರೆ ಫಿಲಡೆಲ್ಫಿಯಾದ ಪಟ್ಟಿಯನ್ನು ತೋರಿಸಬೇಕೇ ಹೊರತು ಸಿಗ್ನಲ್ ಹಿಲ್‌ನ ಗಾಳಿಪಟವನ್ನಲ್ಲ.

ಇದರ ಜೊತೆಗೇ ಬರುವ ಇನ್ನೊಂದು ಕಥೆ: ಭೂಮಿ ಗುಂಡಗಿರುವುದರಿಂದ ಅಲೆ ತಲುಪದು ಎಂದ ವಿಜ್ಞಾನಿಗಳು ಮೂರ್ಖರಾದರು, ಮಾರ್ಕೋನಿ ಗೆದ್ದ ಎಂಬುದು. ಆ ವಿಜ್ಞಾನಿಗಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಎರಡು ದಡಗಳ ನಡುವೆ ಸಾಗರ 200 ಕಿಲೋಮೀಟರ್‌ಗೂ ಮೀರಿ ಉಬ್ಬಿ ನಿಂತಿದೆ, ಅಲೆ ನೇರವಾಗಿಯೇ ಚಲಿಸುತ್ತದೆ. ಅವರಿಗೆ ಗೊತ್ತಿಲ್ಲದ್ದು ಮೇಲೊಂದು ಅಯಾನುಗೋಳವಿದ್ದು ಅಲೆಯನ್ನು ಮತ್ತೆ ಕೆಳಗೆ ಬಾಗಿಸುತ್ತದೆ ಎಂಬುದು. ಅದು ಮಾರ್ಕೋನಿಗೂ ಗೊತ್ತಿರಲಿಲ್ಲ. 1902ರಲ್ಲಿ ಕೆನೆಲಿ ಮತ್ತು ಹೆವಿಸೈಡ್ ಎಂಬ ವಿಜ್ಞಾನಿಗಳು ಅಂಥದ್ದೊಂದು ಪದರವಿರಬೇಕೆಂದು ಊಹಿಸಿದರು. ಅದು ಇದೆಯೆಂದು ಆ್ಯಪಲ್ಟನ್ ತೋರಿಸಿದ್ದು 1924ರಲ್ಲಿ.

ತಪ್ಪು ಕಲ್ಪನೆ: ಜಗದೀಶಚಂದ್ರ ಬೋಸರ ರೇಡಿಯೊವನ್ನು ಮಾರ್ಕೋನಿ ಕದ್ದ

ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ವರ್ಷಕ್ಕೆರಡು ಬಾರಿ ತಪ್ಪದೆ ತಿರುಗುವ ಸಂದೇಶ ಇದು. ಇದರೊಳಗೆ ಒಂದು ಗಟ್ಟಿ ಸತ್ಯವಿದೆ, ಅದರ ಸುತ್ತ ಬಹಳಷ್ಟು ಹೊಟ್ಟು.

ಗಟ್ಟಿ ಸತ್ಯ ಯಾವುದೆಂದರೆ, ಸಿಗ್ನಲ್ ಹಿಲ್‌ನಲ್ಲಿ ಮಾರ್ಕೋನಿಯ ಕಿವಿಗೆ ಸದ್ದು ಮುಟ್ಟಿಸಿದ ಸಾಧನ. ಪುಟ್ಟ ಗಾಜಿನ ನಳಿಗೆಯೊಳಗೆ ಎರಡು ತುದಿಗಳು, ನಡುವೆ ಒಂದು ಹನಿ ಪಾದರಸ. ಅಲೆಯನ್ನು ಪತ್ತೆಹಚ್ಚುವ ಇಂಥ ಸಾಧನಕ್ಕೆ ಕೊಹೆರರ್ ಎಂದು ಹೆಸರು. ಆ ಕಾಲದ ಕೊಹೆರರ್‌ಗಳು ಒಮ್ಮೆ ಅಲೆ ತಾಗಿದರೆ ಹಾಗೇ ಅಂಟಿಕೊಂಡುಬಿಡುತ್ತಿದ್ದವು, ಪ್ರತಿಸಲವೂ ತಟ್ಟಿ ಬಿಡಿಸಬೇಕಿತ್ತು. ಪಾದರಸದ್ದು ತಾನಾಗಿಯೇ ಮೊದಲ ಸ್ಥಿತಿಗೆ ಮರಳುತ್ತಿತ್ತು. ಈ ಗುಣದ ಕೊಹೆರರ್ ಬಗ್ಗೆ, ಅದನ್ನು ಟೆಲಿಫೋನ್ ರಿಸೀವರ್‌ಗೆ ಜೋಡಿಸುವುದರ ಬಗ್ಗೆ, 1899ರಲ್ಲೇ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಪ್ರಬಂಧ ಮಂಡಿಸಿದವರು ಬೋಸ್. ಮಾರ್ಕೋನಿಗೆ ಅದು ಬಂದದ್ದು ಇಟಲಿಯ ನೌಕಾಪಡೆಯ ಗೆಳೆಯ ಲುಯಿಜಿ ಸೊಲಾರಿ ಮೂಲಕ, ಇಟಾಲಿಯನ್ ನೇವಿ ಕೊಹೆರರ್ ಎಂಬ ಹೆಸರಿನಲ್ಲಿ. ಅದರ ನಿಜವಾದ ಕರ್ತೃ ಯಾರೆಂದು ಇಟಲಿಯಲ್ಲೇ ಆಗ ಜಗಳವಾಯಿತು. ಬೋಸರ ಹೆಸರು ಆ ಜಗಳದಲ್ಲಿ ಎದ್ದು ಕಾಣಲಿಲ್ಲ. ಪ್ರಬೀರ್ ಬಂದ್ಯೋಪಾಧ್ಯಾಯ ಎಂಬ ಎಂಜಿನಿಯರ್ 1998ರಲ್ಲಿ ದಾಖಲೆಗಳನ್ನು ಜಾಲಾಡಿ, ಇದರ ಮೂಲ ಬೋಸರ ಪ್ರಬಂಧವೇ ಎಂದು ವಾದಿಸಿದ ಮೇಲೆ ವಿಷಯ ಮತ್ತೆ ಬೆಳಕಿಗೆ ಬಂತು.

ಆದರೆ ಕೊಹೆರರ್ ಎಂದರೆ ಇಡೀ ರೇಡಿಯೊ ಅಲ್ಲ. ಬೋಸರು ಕಲ್ಕತ್ತೆಯಲ್ಲಿ ಕೆಲಸ ಮಾಡಿದ್ದು ಮಿಲಿಮೀಟರ್‌ಗಳಲ್ಲಿ ಅಳೆಯುವ ಅಲೆಗಳ ಮೇಲೆ, ಬೆಳಕಿನಂತೆ ಅವು ಹೇಗೆ ಬಾಗುತ್ತವೆ, ಪ್ರತಿಫಲಿಸುತ್ತವೆ ಎಂದು ತಿಳಿಯಲು. ಮಾರ್ಕೋನಿಯ ಅಲೆಗಳು ನೂರಾರು ಮೀಟರ್ ಉದ್ದದವು, ಅವನ ಗುರಿ ತಂತಿ ಆಫೀಸಿನ ವ್ಯಾಪಾರ. ಬೋಸರಿಗೆ ಆ ವ್ಯಾಪಾರದಲ್ಲಿ ಆಸಕ್ತಿ ಇರಲಿಲ್ಲ. ಗೆಳೆಯರ ಒತ್ತಾಯಕ್ಕೆ ಮಣಿದು ಅಮೆರಿಕದಲ್ಲಿ ಒಂದು ಪೇಟೆಂಟ್‌ಗೆ ಅರ್ಜಿ ಹಾಕಿದರು. 1904ರಲ್ಲಿ ಅದು ಸಿಕ್ಕಿತು, ಆದರೆ ಅದು ಹರಳಿನ ಡಿಟೆಕ್ಟರ್‌ನದು. ಬೋಸರಿಗೆ ಸಲ್ಲಬೇಕಾದ ಕೀರ್ತಿಯನ್ನು ಕೇಳುವಾಗ ನಿಖರವಾಗಿ ಕೇಳಿದರೆ ಯಾರೂ ಅಲ್ಲಗಳೆಯಲಾರರು. ಎಲ್ಲವನ್ನೂ ಕೇಳಿದರೆ ಇರುವುದೂ ಕೈತಪ್ಪುತ್ತದೆ. ಪೋಲ್ಡುಗೆ ಹೋದ ಭಾರತೀಯರು ಅಲ್ಲಿನ ಸ್ವಯಂಸೇವಕರ ಮುಂದೆ ಪಾದರಸದ ಹನಿಯ ಮಾತೆತ್ತಲಿ, ಮಾತುಕತೆ ಚೆನ್ನಾಗಿ ಸಾಗುತ್ತದೆ.

ಇದೇ ಜಾತಿಯದು ಟೆಸ್ಲಾ ಕಥೆ. 1943ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ರೇಡಿಯೊದ ಕೀರ್ತಿಯನ್ನು ಮಾರ್ಕೋನಿಯಿಂದ ಕಿತ್ತು ಟೆಸ್ಲಾಗೆ ಕೊಟ್ಟಿತು ಎನ್ನುತ್ತಾರೆ. ಕೋರ್ಟ್ ಮಾಡಿದ್ದು ಶ್ರುತಿ ಹೊಂದಿಸುವ ಒಂದು ಪೇಟೆಂಟ್‌ನ ಕೆಲವು ಹಕ್ಕುಗಳನ್ನು ಅಸಿಂಧುಗೊಳಿಸಿದ್ದು. ಲಾಡ್ಜ್, ಸ್ಟೋನ್, ಟೆಸ್ಲಾ ಎಂಬ ಮೂವರು ಸಂಶೋಧಕರೂ ಮೊದಲೇ ಆ ದಾರಿಯಲ್ಲಿ ಹೋಗಿದ್ದರು ಎಂಬುದು ಕಾರಣ. ರೇಡಿಯೊ ಕಂಡುಹಿಡಿದವರು ಯಾರು ಎಂಬ ತೀರ್ಪು ಕೊಡಲು ಕೋರ್ಟ್ ಹೋಗಲಿಲ್ಲ.

ತಪ್ಪು ಕಲ್ಪನೆ: ಪೋಲ್ಡು ಒಂದು ರೇಡಿಯೊ ಕೇಂದ್ರವಾಗಿತ್ತು, ಅದರ ಸಂದೇಶಗಳು ಗುಟ್ಟಾಗಿದ್ದವು

ಕಿಡಿ ಹಾರಿಸುವ ಯಂತ್ರ ಮಾತನ್ನಾಗಲಿ ಹಾಡನ್ನಾಗಲಿ ಹೊರಲಾರದು. ಅದಕ್ಕೆ ಗೊತ್ತಿದ್ದದ್ದು ಚುಕ್ಕಿ ಮತ್ತು ಗೀಟು ಮಾತ್ರ. ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಮನೆಯಲ್ಲೇ ಆಕಾಶವಾಣಿ ಶುರುಮಾಡಿದಾಗ ಬಳಸಿದ್ದು 30 ವ್ಯಾಟ್‌ನ ಟ್ರಾನ್ಸ್‌ಮಿಟರ್. 1901ರ ಪೋಲ್ಡುವಿನ ಸಾವಿರಾರು ವ್ಯಾಟ್‌ಗಳಿಗೆ ಆಗದ್ದು ಆ ಮೂವತ್ತಕ್ಕೆ ಆಗುತ್ತಿತ್ತು, ಅಷ್ಟರಲ್ಲಿ ಮಾತು ಹೊರುವ ಅಲೆ ಹುಟ್ಟಿಸಬಲ್ಲ ವಾಲ್ವ್ ಬಂದಿತ್ತು. ಸಾಗರದಾಚೆಗೆ ದುಡ್ಡಿಗೆ ಸಂದೇಶ ಕಳಿಸುವ ನಿಯಮಿತ ಸೇವೆಯನ್ನೂ ಕೊನೆಗೆ, 1907ರಲ್ಲಿ, ಐರ್ಲೆಂಡಿನ ಕ್ಲಿಫ್ಡೆನ್ ನಿಲ್ದಾಣಕ್ಕೆ ವಹಿಸಿದರು. ಪೋಲ್ಡು ಬಹುಕಾಲ ಮಾಡಿದ ಕೆಲಸ ನಡುಗಡಲಿನ ಹಡಗುಗಳಿಗೆ ಸುದ್ದಿ ಕಳಿಸುವುದು. ಪ್ರಯಾಣಿಕರು ಬೆಳಗಿನ ತಿಂಡಿಯ ಜೊತೆ ಓದುತ್ತಿದ್ದ ಹಡಗಿನ ಪತ್ರಿಕೆಗಳಿಗೆ ಸರಕು ಹೋಗುತ್ತಿದ್ದದ್ದು ಇಲ್ಲಿಂದ.

ಇನ್ನು ಗುಟ್ಟಿನ ಮಾತು. ತನ್ನ ಶ್ರುತಿ ಹೊಂದಿಸಿದ ಸಂಕೇತಗಳನ್ನು ಬೇರೆಯವರು ಕದ್ದು ಕೇಳಲಾರರು ಎಂದು ಮಾರ್ಕೋನಿ ಸಾರುತ್ತಿದ್ದ. ಪೋಲ್ಡುವಿನಿಂದ ಮೌಂಟ್ಸ್ ಕೊಲ್ಲಿಯಾಚೆ ಪೋರ್ತ್‌ಕರ್ನೊ ಇದೆ. ಬೊಂಬಾಯಿಯಿಂದ ಬಂದ ಕಡಲಡಿಯ ತಂತಿ 1870ರಲ್ಲಿ ದಡ ಹತ್ತಿದ್ದು ಅಲ್ಲೇ. ಅದರ ಒಡೆಯರಾದ ಈಸ್ಟರ್ನ್ ಟೆಲಿಗ್ರಾಫ್ ಕಂಪನಿಗೆ ಪಕ್ಕದ ದಡದಲ್ಲಿ ಎದ್ದ ಗೋಪುರಗಳು ನಿದ್ದೆಗೆಡಿಸಿದ್ದು ಸಹಜ. ಅವರು ನೆವಿಲ್ ಮಾಸ್ಕೆಲಿನ್ ಎಂಬ ಜಾದೂಗಾರನನ್ನು ಹಿಡಿದರು. ಮೂರು ತಲೆಮಾರಿನ ಜಾದೂ ಮನೆತನದವನು, ವೈರ್‌ಲೆಸ್ ಹುಚ್ಚು ಬೇರೆ. 1902ರಲ್ಲಿ ಅವನು ಪೋರ್ತ್‌ಕರ್ನೊದಲ್ಲಿ ಒಂದು ಕಂಬ ನಿಲ್ಲಿಸಿ ಪೋಲ್ಡುವಿನ ಸಂದೇಶಗಳನ್ನು ಕೂತಲ್ಲೇ ಬರೆದುಕೊಂಡು ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ಸಾಲದೆಂದು, 1903ರ ಜೂನ್‌ನಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಫ್ಲೆಮಿಂಗ್ ಉಪನ್ಯಾಸ ಮುಗಿಸಿ ಪೋಲ್ಡುವಿನ ಸಂದೇಶಕ್ಕೆ ಕಾಯಬೇಕಾದ ಹೊತ್ತಿಗೆ ಸರಿಯಾಗಿ, ಹತ್ತಿರದಿಂದ ತನ್ನದೇ ಯಂತ್ರ ಚಾಲೂ ಮಾಡಿದ. ಮೋರ್ಸ್ ಯಂತ್ರದಲ್ಲಿ ಮೂಡಿದ್ದು ಇಲಿ, ಇಲಿ ಎಂಬ ಮೂದಲಿಕೆ, ಅದರ ಹಿಂದೆಯೇ ಮಾರ್ಕೋನಿಯನ್ನು ಹಂಗಿಸುವ ಪದ್ಯ. ಫ್ಲೆಮಿಂಗ್ ಸಿಟ್ಟಾಗಿ ಪತ್ರಿಕೆಗೆ ಬರೆದರು. ಮಾಸ್ಕೆಲಿನ್ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡ. ವೈರ್‌ಲೆಸ್ ಹ್ಯಾಕಿಂಗ್‌ನ ಮೊದಲ ಪ್ರಕರಣ ಎಂದು ಇದನ್ನು ಈಗ ಹೇಳುತ್ತಾರೆ.

ತಪ್ಪು ಕಲ್ಪನೆ: 1901ರ ಬಳಿಕ ಪೋಲ್ಡು ಬರೀ ನೆನಪು

ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡ ತಪ್ಪು. ಮೊದಲ ಇಪ್ಪತ್ತು ವರ್ಷ ಮಾರ್ಕೋನಿ ಕಂಪನಿ ನಂಬಿದ್ದು ಒಂದೇ ಸೂತ್ರವನ್ನು: ದೂರ ಹೋಗಬೇಕಾದರೆ ಅಲೆ ಉದ್ದವಾಗಬೇಕು, ಕಂಬ ಎತ್ತರವಾಗಬೇಕು, ವಿದ್ಯುತ್ ಹೆಚ್ಚಾಗಬೇಕು. ಇನ್ನೂರು ಮೀಟರ್‌ಗಿಂತ ಚಿಕ್ಕ ಅಲೆಗಳು ಕೆಲಸಕ್ಕೆ ಬಾರದವೆಂದು ಅಮೆರಿಕದಲ್ಲಿ ಅವುಗಳನ್ನು ಹವ್ಯಾಸಿಗಳಿಗೆ ಬಿಟ್ಟುಕೊಟ್ಟಿದ್ದರು. ಆ ಹವ್ಯಾಸಿಗಳೇ 1921ರ ಹೊತ್ತಿಗೆ ಇನ್ನೂರು ಮೀಟರ್ ಆಸುಪಾಸಿನ ಅಲೆಗಳಲ್ಲಿ ಅಟ್ಲಾಂಟಿಕ್ ದಾಟಿಸಿ ತೋರಿಸಿದರು.

ಪೋಲ್ಡುವಿನಲ್ಲಿ ಆಗ ಚಾರ್ಲ್ಸ್ ಸ್ಯಾಮುಯೆಲ್ ಫ್ರ್ಯಾಂಕ್ಲಿನ್ ಎಂಬ ಎಂಜಿನಿಯರ್ ವಾಲ್ವ್ ಟ್ರಾನ್ಸ್‌ಮಿಟರ್ ಇಟ್ಟುಕೊಂಡು, ಅಲೆಯನ್ನು ಟಾರ್ಚಿನ ಬೆಳಕಿನಂತೆ ಒಂದೇ ದಿಕ್ಕಿಗೆ ಹಾಯಿಸುವ ಆಂಟೆನಾಗಳನ್ನು ಕಟ್ಟುತ್ತಿದ್ದ. 1923ರ ಬೇಸಿಗೆಯಲ್ಲಿ ಮಾರ್ಕೋನಿ ತನ್ನ ಎಲೆಟ್ರಾ ಎಂಬ ವಿಹಾರ ನೌಕೆಯಲ್ಲಿ ಆಫ್ರಿಕಾದ ಪಶ್ಚಿಮಕ್ಕಿರುವ ಕೇಪ್ ವರ್ಡೆ ದ್ವೀಪಗಳವರೆಗೆ ಹೋದ. 97 ಮೀಟರ್ ಅಲೆಯಲ್ಲಿ, 12 ಕಿಲೋವ್ಯಾಟ್‌ನಲ್ಲಿ ಪೋಲ್ಡು ಸ್ಪಷ್ಟವಾಗಿ ಕೇಳಿಸಿತು. ಶಕ್ತಿಯನ್ನು ಒಂದು ಕಿಲೋವ್ಯಾಟ್‌ಗೆ ಇಳಿಸಲು ಹೇಳಿದ. ಆಗಲೂ, ವೇಲ್ಸ್‌ನ ಕಾರ್ನಾರ್ವನ್‌ನಲ್ಲಿದ್ದ ದೈತ್ಯ ನಿಲ್ದಾಣಕ್ಕಿಂತ ಅದೇ ಗಟ್ಟಿಯಾಗಿ ಬರುತ್ತಿತ್ತು. ಮರುವರ್ಷದ ಮೇ ತಿಂಗಳಲ್ಲಿ ಪೋಲ್ಡುವಿನಿಂದ ಮನುಷ್ಯನ ಮಾತೇ ಸಿಡ್ನಿ ತಲುಪಿತು. ಸೆಪ್ಟೆಂಬರ್‌ನಲ್ಲಿ 32 ಮೀಟರ್ ಅಲೆ ಹಗಲು ಹೊತ್ತಿನಲ್ಲೇ ಬೈರೂತ್ ಬಂದರಿನಲ್ಲಿದ್ದ ಎಲೆಟ್ರಾಗೆ ಸಿಕ್ಕಿತು. ಫಿಲಡೆಲ್ಫಿಯಾ ಹಡಗಿನಲ್ಲಿ ಎದುರಾಗಿದ್ದ ಹಗಲಿನ ಗೋಡೆ ಹೀಗೆ ಒಡೆಯಿತು. ಸ್ಮಾರಕ ಕಂಬದ ಬೇರೊಂದು ಮುಖದಲ್ಲಿ ಫ್ರ್ಯಾಂಕ್ಲಿನ್ ಹೆಸರೂ ಎಲೆಟ್ರಾ ಹೆಸರೂ ಕೆತ್ತಿದೆ. ಆದರೆ ಕ್ಯಾಮೆರಾ ಹಿಡಿದವರು ಕಂಬದ ಸುತ್ತ ಬರುವುದೇ ಇಲ್ಲ.

ಇದರಿಂದ ಆದದ್ದೇನೆಂದರೆ, ಸಾಮ್ರಾಜ್ಯದುದ್ದಕ್ಕೂ ದೈತ್ಯ ಉದ್ದಲೆಯ ನಿಲ್ದಾಣಗಳನ್ನು ಕಟ್ಟುವ ಬ್ರಿಟಿಷ್ ಯೋಜನೆ ಪಕ್ಕಕ್ಕೆ ಸರಿಯಿತು. 1924ರ ಜುಲೈನಲ್ಲಿ, ಚಿಕ್ಕ ಅಲೆಯನ್ನು ಒಂದೇ ದಿಕ್ಕಿಗೆ ಹಾಯಿಸುವ ಶಾರ್ಟ್‌ವೇವ್ ಬೀಮ್ ನಿಲ್ದಾಣಗಳಿಗೆ ಮಾರ್ಕೋನಿ ಕಂಪನಿಯ ಜೊತೆ ಸರ್ಕಾರ ಒಪ್ಪಂದ ಮಾಡಿಕೊಂಡಿತು. ಕೆನಡಾಕ್ಕೆ ಈ ಸೇವೆ ಶುರುವಾದದ್ದು 1926ರಲ್ಲಿ, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾಗಳಿಗೆ 1927ರಲ್ಲಿ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಭಾರತದ ಸರದಿ ಬಂತು. ಇಲ್ಲಿನ ಟ್ರಾನ್ಸ್‌ಮಿಟರ್ ಪುಣೆಯ ಖಡ್ಕಿಯಲ್ಲಿ, ರಿಸೀವರ್ ದೌಂಡ್‌ನಲ್ಲಿ. ಬೆಂಗಳೂರಿನಿಂದ ಉತ್ತರಕ್ಕೆ ರೈಲಿನಲ್ಲಿ ಹೋಗುವವರು ಇವತ್ತಿಗೂ ಹಾದುಹೋಗುವ ದೌಂಡ್ ಜಂಕ್ಷನ್ ಇದೇ. ಬೀಮ್ ಸೇವೆ ಅಗ್ಗವೂ ವೇಗವೂ ಆಗಿದ್ದರಿಂದ ಕೇಬಲ್ ಕಂಪನಿಗಳ ಗಿರಾಕಿಗಳು ಕಳಚಿಕೊಳ್ಳತೊಡಗಿದರು. ಕೆಲವೇ ವರ್ಷಗಳಲ್ಲಿ, ಮಾಸ್ಕೆಲಿನ್‌ನನ್ನು ಛೂ ಬಿಟ್ಟಿದ್ದ ಪೋರ್ತ್‌ಕರ್ನೊದ ಈಸ್ಟರ್ನ್ ಕಂಪನಿಯೂ ಮಾರ್ಕೋನಿಯ ವೈರ್‌ಲೆಸ್ ವ್ಯವಹಾರವೂ ಒಂದೇ ಸಂಸ್ಥೆಯೊಳಗೆ ಸೇರಿಕೊಂಡವು. ಕೇಬಲ್ ಆ್ಯಂಡ್ ವೈರ್‌ಲೆಸ್ ಎಂಬ ಹೆಸರು ಅದಕ್ಕೆ ಆಮೇಲೆ ಬಂತು. ಪೋರ್ತ್‌ಕರ್ನೊದ ತಂತಿ ನಿಲ್ದಾಣ ಈಗ ವಸ್ತುಸಂಗ್ರಹಾಲಯ. ಕಾರ್ನ್‌ವಾಲ್‌ನಲ್ಲಿ ಇನ್ನೊಂದು ದಿನ ಇರುವುದಾದರೆ ಪೋಲ್ಡು ನೋಡಿದ ಮರುದಿನ ಅಲ್ಲಿಗೆ ಹೋಗಿ.